ಶಿಕ್ಷಕಿಯಾಗಲಿದ್ದವಳ ಟ್ರಂಕು

[ದೃಶ್ಯ: ತಗಡಿನ ಟ್ರಂಕು ತೆರೆಯುವ ಕೈಗಳು]
ಬಿ.ಎಡ್ ಓದುತ್ತಿದ್ದ ಮಗಳು ನಡುದಾರಿಯಲ್ಲೇ ಅಗಲಿದರೆ ಮನೆಯಲ್ಲಿ ಏನು ಉಳಿಯುತ್ತದೆ? ಪಾಠ ಯೋಜನೆಯ ವಹಿ, ಕೈಯಾರೆ ಬರೆದ ಚಾರ್ಟು, ಗುರುತಿನ ಚೀಟಿ, ಗೆಳತಿಯರ ಆಟೋಗ್ರಾಫ್ ಪುಸ್ತಕ. ದಯವಿಟ್ಟು ಇವನ್ನು ರದ್ದಿಗೆ ಹಾಕಬೇಡ್ರಿ.

[ದೃಶ್ಯ: ವಹಿಯ ಪುಟ]
ಆ ವಹಿ ಬಿಚ್ಚಿ ನೋಡ್ರಿ. ಉದ್ದೇಶ, ಬೋಧನೋಪಕರಣ, ಕಪ್ಪುಹಲಗೆ ಕೆಲಸ, ಮೌಲ್ಯಮಾಪನ. ಒಂದೇ ಪಾಠಕ್ಕೆ ಎಷ್ಟು ತಯಾರಿ! ಅಂಚಿನಲ್ಲಿ ಮಾರ್ಗದರ್ಶಕರ ಕೆಂಪು ಶಾಯಿ. ಒಬ್ಬಳು ಶಿಕ್ಷಕಿಯಾಗಿ ರೂಪುಗೊಳ್ಳುತ್ತಿದ್ದ ದಿನಗಳು ಅಲ್ಲೇ ಇವೆ. ಇದು ಮನೆಯ ನೆನಪೂ ಹೌದು, ನಮ್ಮ ಶಾಲೆಗಳ ಚರಿತ್ರೆಯೂ ಹೌದು.

[ದೃಶ್ಯ: ತುಂಬಿ ಹರಿಯುವ ಹಿರಣ್ಯಕೇಶಿ]
ಇದನ್ನೆಲ್ಲ ಕಾಪಾಡುವುದು ಹೇಗೆ? ಅಂಬೋಲಿ ಘಟ್ಟದಲ್ಲಿ ಹುಟ್ಟುವ ಹಿರಣ್ಯಕೇಶಿ ನದಿ 2019ರ ಆಗಸ್ಟ್‌ನಲ್ಲಿ ಉಕ್ಕಿ ಬಂದದ್ದು ಅದರ ದಂಡೆಯ ಸಂಕೇಶ್ವರದವರಿಗೆ ನೆನಪಿದೆ. ಕಾಗದಕ್ಕೆ ನೀರೇ ದೊಡ್ಡ ಶತ್ರು. ಹಾಗಾಗಿ ಟ್ರಂಕನ್ನು ನೆಲದ ಮೇಲಿಡದೆ ಎತ್ತರದಲ್ಲಿಡಿ.

[ದೃಶ್ಯ: ಬಿಳಿ ಬಟ್ಟೆಯಲ್ಲಿ ಸುತ್ತಿದ ಕಟ್ಟು]
ಟಾಚಣಿ, ಸ್ಟೇಪ್ಲರ್ ಪಿನ್ನು ತೆಗೆಯಿರಿ, ತುಕ್ಕು ಕಾಗದವನ್ನು ತಿನ್ನುತ್ತದೆ. ಲ್ಯಾಮಿನೇಷನ್ ಬೇಡ, ಒಮ್ಮೆ ಅಂಟಿದರೆ ಬಿಡಿಸಲಾಗದು. ಪ್ಲಾಸ್ಟಿಕ್ ಚೀಲ ತೇವವನ್ನು ಒಳಗೇ ಹಿಡಿದಿಡುತ್ತದೆ, ಒಗೆದ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಪುಟ ಒದ್ದೆಯಾದರೆ ಸುಡುಬಿಸಿಲಿಗೆ ಹಾಕದೆ ನೆರಳಿನಲ್ಲಿ, ಫ್ಯಾನಿನ ಗಾಳಿಗೆ ಆರಿಸಿ.

[ದೃಶ್ಯ: ಕಿಟಕಿ ಬೆಳಕು, ಮೊಬೈಲ್]
ಪ್ರತಿ ಪುಟದ ಫೋಟೋ ತೆಗೆದು ಎರಡು ಕಡೆ ಇಡಿ. ಹಳೆಯ ಫೋಟೋದಲ್ಲಿ ಯಾರಿದ್ದಾರೆ, ಯಾವ ಊರು, ಯಾವ ವರ್ಷ? ಗೊತ್ತಿರುವ ಹಿರಿಯರನ್ನು ಇವತ್ತೇ ಕೇಳಿ, ಬರೆದಿಡಿ.

ಅವಳು ಮಾಡಲಾಗದೆ ಉಳಿದ ಪಾಠ ಆ ವಹಿಯಲ್ಲಿದೆ. ಅದನ್ನು ಮನೆಯ ಮಕ್ಕಳಿಗೆ ಒಮ್ಮೆ ಓದಿ ಹೇಳ್ರಿ.