‘ಸೆನ್ಸರ್ ಹೋಗಿದೆ’ ಅಂದ ತಕ್ಷಣ ಹೊಸದು ತರಿಸಬೇಡಿ

ನಮ್ಮ ಹಳ್ಳಿಗಳ ಕಡೆ ಎಕ್ಸ್‌ಕವೇಟರ್ ಅಂದ್ರೆ ಯಾರಿಗೂ ಅರ್ಥ ಆಗಲ್ಲ. ಚೈನ್ ಇದ್ದರೆ ಹಿಟಾಚಿ, ಟೈರ್ ಇದ್ದರೆ ಜೆಸಿಬಿ. ತಯಾರಿಸಿದ ಕಂಪನಿ ಯಾವುದೇ ಇರಲಿ, ಹೆಸರು ಅಷ್ಟೇ. ಕೃಷಿ ಹೊಂಡ, ಲೇಔಟ್, ಅಡಿಕೆ ತೋಟದ ಬಸಿಗಾಲುವೆ, ಎಲ್ಲದಕ್ಕೂ ಅದೇ ಬೇಕು. ಬೆಂಗಳೂರಲ್ಲಿ ಕೆಲಸದಲ್ಲಿರುವ ಎಷ್ಟೋ ಹುಡುಗರು ಊರಲ್ಲಿರುವ ಅಣ್ಣನ ಜೊತೆಗೋ ಭಾವನ ಜೊತೆಗೋ ಸೇರಿ ಸಾಲದ ಮೇಲೆ ಒಂದು ಮೆಷಿನ್ ತೆಗೆದಿರುತ್ತಾರೆ. ಓಡಿದರೆ ಗಂಟೆ ಲೆಕ್ಕದಲ್ಲಿ ದುಡ್ಡು. ನಿಂತರೆ ಇಎಂಐ ಮಾತ್ರ ನಿಲ್ಲಲ್ಲ. ಅದೂ ಮಳೆಗಾಲ ಶುರುವಾಗೋ ಮುಂಚಿನ ತಿಂಗಳಲ್ಲಿ ನಿಂತರಂತೂ ಕೇಳೋದೇ ಬೇಡ.

ಆಗ ಊರಿಂದ ಬರೋ ಫೋನ್ ಹೆಚ್ಚುಕಮ್ಮಿ ಹೀಗಿರುತ್ತೆ: “ಮೆಷಿನ್‌ಗೆ ಪವರ್ರೇ ಇಲ್ಲ ಕಣೋ. ಸ್ಕ್ರೀನ್ ಮೇಲೆ ಏನೋ ಕೋಡ್ ಬರ್ತಿದೆ. ಪ್ರೆಶರ್ ಸೆನ್ಸರ್ ಹೋಗಿದೆಯಂತೆ, ದುಡ್ಡು ಹಾಕು.”

ಹಾಕಿ, ಬೇಡ ಅನ್ನಲ್ಲ. ಆದರೆ ಅದಕ್ಕೆ ಮುಂಚೆ ಒಂದು ವಿಷಯ ತಿಳ್ಕೊಳ್ಳಿ. ಸ್ಕ್ರೀನ್ ಮೇಲೆ ಬರೋ ಕೋಡ್ ‘ಈ ಸೆನ್ಸರ್ ಕೆಟ್ಟಿದೆ’ ಅಂತ ಹೇಳೋದೇ ಇಲ್ಲ. ‘ಈ ದಾರಿಯಲ್ಲಿ ಬರಬೇಕಾದ ವೋಲ್ಟೇಜ್ ಸರಿಯಿಲ್ಲ’ ಅಂತ ಹೇಳುತ್ತೆ, ಅಷ್ಟೇ. ಆ ದಾರಿಯಲ್ಲಿ ಸೆನ್ಸರ್ ಇದೆ, ಕನೆಕ್ಟರ್ ಇದೆ, ಮೀಟರ್‌ಗಟ್ಟಲೆ ವೈರ್ ಇದೆ, ಕೊನೆಗೆ ಕಂಟ್ರೋಲರ್ ಇದೆ. ಇದರಲ್ಲಿ ಯಾವುದು ಕೈಕೊಟ್ಟರೂ ಕೋಡ್ ಅದೇ ಬರಬಹುದು.

ಹಲವು ಮೆಷಿನ್‌ಗಳು ಜೆ1939 ಅನ್ನೋ ಪದ್ಧತಿಯಲ್ಲಿ ಕೋಡ್ ತೋರಿಸುತ್ತವೆ. ಅದರಲ್ಲಿ ಎರಡು ಭಾಗ. ಎಸ್‌ಪಿಎನ್ ಅಂದರೆ ಯಾವ ಜಾಗ, ಎಫ್‌ಎಂಐ ಅಂದರೆ ಏನಾಗಿದೆ. ಎಫ್‌ಎಂಐ 3 ಬಂದರೆ ವೋಲ್ಟೇಜ್ ಇರಬೇಕಾದ್ದಕ್ಕಿಂತ ಜಾಸ್ತಿ, 4 ಬಂದರೆ ಕಮ್ಮಿ, 2 ಬಂದರೆ ಅಂಕಿ ಒಂದು ಕಡೆ ನಿಲ್ಲದೆ ಕುಣೀತಿದೆ ಅಂತ. ಹಾಗಾಗಿ ಫೋಟೋ ಕಳಿಸೋಕೆ ಹೇಳಿದರೆ ಪೂರ್ತಿ ಕೋಡ್ ಕಾಣೋ ಹಾಗೆ ಕಳಿಸೋಕೆ ಹೇಳಿ. ‘ಏನೋ ಪ್ರೆಶರ್ ಕೋಡ್’ ಅನ್ನೋದರಿಂದ ಯಾರಿಗೂ ಉಪಯೋಗ ಇಲ್ಲ.

ಮೂರು ವೈರ್‌ನ ಲೆಕ್ಕ

ಪ್ರೆಶರ್ ಸೆನ್ಸರ್‌ಗೆ ಸಾಮಾನ್ಯವಾಗಿ ಮೂರು ವೈರ್. ಒಂದರಲ್ಲಿ ಕಂಟ್ರೋಲರ್ 5 ವೋಲ್ಟ್ ಕಳಿಸುತ್ತೆ, ಇನ್ನೊಂದು ಅರ್ಥ್, ಮೂರನೆಯದು ಸಿಗ್ನಲ್. ಒಳಗಿರುವ ತೆಳು ಲೋಹದ ಪದರ ಎಣ್ಣೆಯ ಒತ್ತಡಕ್ಕೆ ಚೂರೇ ಚೂರು ಬಗ್ಗುತ್ತೆ. ಎಷ್ಟು ಬಗ್ಗಿತು ಅನ್ನೋದನ್ನು ಸಾಮಾನ್ಯವಾಗಿ 0.5ರಿಂದ 4.5 ವೋಲ್ಟ್ ಒಳಗೆ ವಾಪಸ್ ಹೇಳುತ್ತೆ. ಸೊನ್ನೆ ಒತ್ತಡಕ್ಕೂ ಅರ್ಧ ವೋಲ್ಟ್ ಯಾಕೆ ಅಂದ್ರೆ, ವೈರ್ ತುಂಡಾಗಿ 0 ವೋಲ್ಟ್ ಬಂದರೆ ಕಂಟ್ರೋಲರ್‌ಗೆ ವ್ಯತ್ಯಾಸ ಗೊತ್ತಾಗಬೇಕಲ್ಲ. ಬುದ್ಧಿವಂತ ಏರ್ಪಾಡು.

ಹಾಗಾಗಿ ಮೊದಲ ಪರೀಕ್ಷೆಗೆ ಬೇಕಾಗಿರೋದು ಎಲೆಕ್ಟ್ರಿಷಿಯನ್ ಹತ್ತಿರ ಇರೋ ಸಾದಾ ಮಲ್ಟಿಮೀಟರ್. ಕೀ ಆಫ್ ಮಾಡಿ ಸೆನ್ಸರ್ ಪ್ಲಗ್ ಬಿಚ್ಚಿ, ಮತ್ತೆ ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ ವೈರ್ ಕಡೆಯ ಪ್ಲಗ್‌ನಲ್ಲಿ 5 ವೋಲ್ಟ್ ಬರ್ತಿದೆಯಾ ನೋಡಬೇಕು. ಬರದಿದ್ದರೆ ಹೊಸ ಸೆನ್ಸರ್ ಹಾಕಿ ಏನು ಪ್ರಯೋಜನ? ಅದಕ್ಕೂ ಊಟ ಸಿಗಲ್ಲ.

ಇನ್ನೊಂದು ತಮಾಷೆ ಇದೆ. ಒಂದೇ 5 ವೋಲ್ಟ್ ಲೈನನ್ನು ಹಲವು ಸೆನ್ಸರ್‌ಗಳು ಹಂಚಿಕೊಂಡಿರುತ್ತವೆ. ಅದರಲ್ಲಿ ಒಂದು ಶಾರ್ಟ್ ಆದರೆ ಸ್ಕ್ರೀನ್ ತುಂಬಾ ಕೋಡ್. ನಾಲ್ಕು ಸೆನ್ಸರ್ ಒಂದೇ ದಿನ ಸಾಯೋದು ಅಪರೂಪ. ಒಂದೊಂದೇ ಪ್ಲಗ್ ಬಿಚ್ಚುತ್ತಾ ಹೋಗಿ 5 ವೋಲ್ಟ್ ಯಾವಾಗ ವಾಪಸ್ ಬರುತ್ತೆ ನೋಡಿದರೆ ಕಳ್ಳ ಅಲ್ಲೇ ಸಿಕ್ಕಿಬೀಳ್ತಾನೆ.

ನನಗೆ ಇಷ್ಟವಾದ ಪರೀಕ್ಷೆ ಮಾತ್ರ ಬೇರೆ. ಹೆಚ್ಚಿನ ದೊಡ್ಡ ಮೆಷಿನ್‌ಗಳಲ್ಲಿ ಎರಡು ಮುಖ್ಯ ಪಂಪ್, ಎರಡಕ್ಕೂ ಒಂದೇ ಪಾರ್ಟ್ ನಂಬರಿನ ಸೆನ್ಸರ್ ಇರುತ್ತೆ. ಕೀ ಆಫ್ ಮಾಡಿ, ವೈರ್ ಎಟುಕಿದರೆ ಎರಡರ ಪ್ಲಗ್ ಅದಲುಬದಲು ಮಾಡಿ. ಈಗ ಕೋಡ್ ಎರಡನೇ ಪಂಪಿನ ಹೆಸರಿಗೆ ಹೋದರೆ ಸೆನ್ಸರ್ ಕೆಟ್ಟಿದೆ. ಮೊದಲನೇ ಪಂಪಿನ ಹೆಸರಲ್ಲೇ ಉಳಿದರೆ ಸೆನ್ಸರ್ ಪಾಪ, ತಪ್ಪು ವೈರಿನದು ಅಥವಾ ಕಂಟ್ರೋಲರಿನದು. ಒಂದು ತೊಟ್ಟು ಎಣ್ಣೆ ಚೆಲ್ಲಲಿಲ್ಲ, ಒಂದು ರೂಪಾಯಿ ಖರ್ಚಾಗಲಿಲ್ಲ. ಅದಲುಬದಲಾದ ಸ್ಥಿತಿಯಲ್ಲಿ ಮೆಷಿನ್ ಕೆಲಸಕ್ಕೆ ಹಚ್ಚಬೇಡಿ, ನೋಡಿದ ಮೇಲೆ ವಾಪಸ್ ಹಾಕಿ.

ವೈರ್ ಅಂತ ಗೊತ್ತಾದರೆ ಹುಡುಕಬೇಕಾದ ಜಾಗಗಳು ಬಹಳ ಇಲ್ಲ. ಪಂಪ್ ಪಕ್ಕದಲ್ಲಿ ಬ್ರಾಕೆಟ್‌ಗೆ ಉಜ್ಜಿ ಸಿಪ್ಪೆ ಸುಲಿದಿರುತ್ತೆ. ವಾಟರ್ ಸರ್ವಿಸ್ ಮಾಡುವಾಗ ಪ್ರೆಶರ್ ಪೈಪ್ ನೇರವಾಗಿ ಕನೆಕ್ಟರ್‌ಗೆ ಹಿಡಿದು ಒಳಗೆ ನೀರು ಹೋಗಿ ಪಿನ್ ಹಸಿರುಗಟ್ಟಿರುತ್ತೆ. ನಾಲ್ಕು ವಾರ ನಿಂತ ಮೆಷಿನ್ ಆದರೆ ಇಲಿ. ನಗಬೇಡಿ, ಹೊಲದ ಬದಿ ನಿಂತ ಮೆಷಿನ್‌ನಲ್ಲಿ ಇಲಿ ಕಡಿದ ವೈರ್ ಸಿಗೋದು ಹೊಸ ವಿಷಯ ಅಲ್ಲ. ಇನ್ನೊಂದು ನಮ್ಮವರು ಮರೆಯೋದು ವೆಲ್ಡಿಂಗ್. ಬಕೆಟ್ ಸೀಳಿತು ಅಂತ ಬ್ಯಾಟರಿ ಬಿಚ್ಚದೆ, ಅರ್ಥ್ ಕ್ಲಾಂಪ್ ಎಲ್ಲೋ ದೂರದಲ್ಲಿ ಹಾಕಿ ವೆಲ್ಡ್ ಮಾಡಿದರೆ ಆ ಕರೆಂಟ್ ಮೆಷಿನ್ ಮೈಯೆಲ್ಲಾ ಸುತ್ತಿ ಹೋಗುತ್ತೆ. ಸೆನ್ಸರ್, ಕಂಟ್ರೋಲರ್ ಎರಡಕ್ಕೂ ಅಪಾಯ. ಹಾಗಾಗಿ “ಇತ್ತೀಚೆಗೆ ವೆಲ್ಡಿಂಗ್ ಮಾಡಿಸಿದ್ರಾ?” ಅನ್ನೋದು ಕೇಳಲೇಬೇಕಾದ ಪ್ರಶ್ನೆ.

ಕೋಡೇ ಇಲ್ಲದೆ ಸುಳ್ಳು ಹೇಳಿದರೆ

ಇದು ನಿಜವಾದ ತಲೆನೋವು. ಸಿಗ್ನಲ್ 0.5ರಿಂದ 4.5ರ ಒಳಗೇ ಇದೆ, ಆದರೆ ಅಂಕಿ ತಪ್ಪು. ಕಂಟ್ರೋಲರ್ ಅದನ್ನು ನಂಬಿಬಿಡುತ್ತೆ. ಉದಾಹರಣೆಗೆ 500 ಬಾರ್ ಅಳೆಯೋ ಸೆನ್ಸರ್ ಅಂದುಕೊಳ್ಳಿ. 4 ವೋಲ್ಟ್‌ನಲ್ಲಿ 500 ಬಾರ್, ಅಂದರೆ ಒಂದು ಬಾರ್‌ಗೆ 8 ಮಿಲಿವೋಲ್ಟ್. ಎಂಜಿನ್ ಆಫ್ ಇದ್ದು ಒತ್ತಡ ಪೂರ್ತಿ ಇಳಿಸಿದ ಮೇಲೂ 0.7 ವೋಲ್ಟ್ ತೋರಿಸಿದರೆ, ಆ ಸೆನ್ಸರ್ ಇಲ್ಲದ 25 ಬಾರ್ ಇದೆ ಅಂತಿದೆ. ಇದೇ ತಪ್ಪು ದೊಡ್ಡದಾದರೆ, ಲೋಡ್ ಜಾಸ್ತಿಯಿದೆ ಅಂತ ಕಂಟ್ರೋಲರ್ ಪಂಪ್ ಕಮ್ಮಿ ಮಾಡುತ್ತೆ. ಆಪರೇಟರ್ “ಮೆಷಿನ್ ಸೋಮಾರಿ ಆಗಿದೆ ಸಾರ್” ಅಂತಾನೆ.

ಇಲ್ಲಿ ತೀರ್ಪು ಕೊಡೋದು ಮುಳ್ಳಿನ ಗೇಜ್. ಟೆಸ್ಟ್ ಪೋರ್ಟ್‌ಗೆ ಗೇಜ್ ಹಾಕಿ, ಸ್ಕ್ರೀನ್ ಅಂಕಿ ಪಕ್ಕದಲ್ಲಿಟ್ಟು ನೋಡಬೇಕು. 20 ಟನ್ ಮೆಷಿನ್‌ನಲ್ಲಿ ಮುಖ್ಯ ಒತ್ತಡ ಸುಮಾರು 350 ಬಾರ್ ಇರುತ್ತೆ, ಸರಿಯಾದ ಅಂಕಿ ಆ ಮೆಷಿನ್ನಿನ ಪುಸ್ತಕದಲ್ಲಿ ಸಿಗುತ್ತೆ. ಗೇಜ್ 350 ತೋರಿಸಿ ಸ್ಕ್ರೀನ್ ಬೇರೆ ಏನೋ ಹೇಳಿದರೆ ಸೆನ್ಸರ್ ದಾರಿಯಲ್ಲೇ ದೋಷ. ಎರಡೂ ಒಟ್ಟಿಗೆ 250 ಅಂದರೆ ಸೆನ್ಸರ್ ಸತ್ಯ ಹೇಳ್ತಿದೆ, ರಿಲೀಫ್ ವಾಲ್ವ್ ಅಥವಾ ಪಂಪ್ ನೋಡಬೇಕು. ಈ ಒಂದು ಪರೀಕ್ಷೆ ಬಿಟ್ಟು ಪಂಪ್ ಬಿಚ್ಚೋಕೆ ಒಪ್ಪಬೇಡಿ. ಒಂದು ಸೆನ್ಸರಿನ ದುಡ್ಡು ಹೋದರೆ ತಡ್ಕೋಬಹುದು, ಚೆನ್ನಾಗಿದ್ದ ಪಂಪ್ ಬಿಚ್ಚಿಸಿದರೆ ಆ ಸೀಸನ್ನೇ ಹೋಯಿತು.

ಗೇಜ್ ಹಾಕೋದು, ಸೆನ್ಸರ್ ಬಿಚ್ಚೋದು ಅನುಭವ ಇರೋರ ಕೆಲಸ. ಬಕೆಟ್ ನೆಲಕ್ಕಿಟ್ಟು, ಎಂಜಿನ್ ಆಫ್ ಮಾಡಿ, ಪುಸ್ತಕದಲ್ಲಿ ಹೇಳಿದ ಹಾಗೆ ಲಿವರ್ ಆಡಿಸಿ ಒತ್ತಡ ಇಳಿಸಿ, ಟ್ಯಾಂಕಿನ ಗಾಳಿಯನ್ನೂ ಬಿಟ್ಟ ಮೇಲೇ ಸ್ಪ್ಯಾನರ್ ಹಾಕಬೇಕು. ಎಣ್ಣೆ ಎಲ್ಲಿ ಸೋರ್ತಿದೆ ಅಂತ ಕೈಯಿಂದ ಸವರಿ ನೋಡೋ ಅಭ್ಯಾಸ ನಿಮ್ಮ ಆಪರೇಟರ್‌ಗೆ ಇದ್ದರೆ ಇವತ್ತೇ ಬಿಡಿಸಿ, ರಟ್ಟಿನ ತುಂಡು ಹಿಡಿಯಲಿ. ಕೂದಲೆಳೆಯಂಥ ತೂತಿಂದ ಬರೋ ಎಣ್ಣೆ ಗ್ಲೌಸ್ ದಾಟಿ ಚರ್ಮದೊಳಗೆ ಹೋಗುತ್ತೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗುರುತು, ಮೊದಲಿಗೆ ನೋವೂ ಅಷ್ಟಾಗಿ ಇರಲ್ಲ. ಸಂಜೆ ನೋಡೋಣ ಅಂತ ಬಿಟ್ಟರೆ ಬೆರಳು ಹೋಗಬಹುದು, ಕೈಯೇ ಹೋಗಬಹುದು. ತಕ್ಷಣ ಆಪರೇಷನ್ ಸೌಲಭ್ಯ ಇರೋ ಆಸ್ಪತ್ರೆಗೆ ಕರ್ಕೊಂಡು ಹೋಗಿ, ‘ಹೈಡ್ರಾಲಿಕ್ ಎಣ್ಣೆ ಒಳಗೆ ಹೋಗಿದೆ’ ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಬೇಕು.

ಮೆಷಿನ್ ಚೆನ್ನಾಗಿರುವಾಗಲೇ ಸ್ಕ್ರೀನಿನ ಅಂಕಿಗಳ ಫೋಟೋ ತೆಗೆದಿಟ್ಟುಕೊಳ್ಳಿ: ಎಂಜಿನ್ ಆಫ್ ಇದ್ದಾಗ, ಖಾಲಿ ಓಡುವಾಗ, ಬೂಮ್ ಪೂರ್ತಿ ಎತ್ತಿ ಹಿಡಿದಾಗ. ಮುಂದೆ ಫೋನ್ ಬಂದ ದಿನ, ಹೊಸ ಫೋಟೋವನ್ನು ಅದರ ಪಕ್ಕದಲ್ಲಿಟ್ಟು ನೋಡೋಕೆ ಬೆಂಗಳೂರಿಂದ ಊರಿಗೆ ಹೋಗಬೇಕಾಗಿಲ್ಲ.