ಅಂಗೈಯಗಲದ ರಣರಥ

ದೊಡ್ಡದನ್ನು ಚಿಕ್ಕದಾಗಿ ಮಾಡಿಕೊಂಡು ನೋಡಬೇಕೆಂಬ ಆಸೆ ಮನುಷ್ಯನಿಗೆ ಬಹು ಹಳೆಯದು. ಮಗು ಕುಡಿಕೆಗಳನ್ನು ಜೋಡಿಸಿ ಅಡಿಗೆಯಾಟ ಆಡುತ್ತದೆ. ನವರಾತ್ರಿಯಲ್ಲಿ ಮನೆಯಾಕೆ ಮೆಟ್ಟಿಲುಗಳ ಮೇಲೆ ಒಂದು ಪುಟ್ಟ ಲೋಕವನ್ನೇ ನಿಲ್ಲಿಸುತ್ತಾಳೆ. ಯುದ್ಧದಂಥ ಘೋರ ವ್ಯಾಪಾರವೂ ಈ ಆಸೆಗೆ ಹೊರತಾಗಲಿಲ್ಲ. ಚತುರಂಗವೆಂಬ ಹೆಸರೇ ಇದಕ್ಕೆ ಸಾಕ್ಷಿ. ರಥ, ಗಜ, ತುರಗ, ಪದಾತಿಗಳೆಂಬ ಸೇನೆಯ ನಾಲ್ಕು ಅಂಗಗಳು ಅರುವತ್ತನಾಲ್ಕು ಮನೆಗಳ ಹಾಸಿನ ಮೇಲೆ ಕಾಯಿಗಳಾಗಿ ಬಂದು ನಿಂತವು. ಆ ರಥದ ಕಾಯಿಯನ್ನು ಯುದ್ಧವಾಹನದ ಕಿರುಪ್ರತಿಮೆಯೆಂದೇ ಎಣಿಸಬೇಕು.

ನಮ್ಮ ಕಾಲದ ರಥ ಟ್ಯಾಂಕು. ಇಂಗ್ಲೆಂಡ್, ಅಮೆರಿಕ, ಜಪಾನ್ ಮೊದಲಾದ ದೇಶಗಳಲ್ಲಿ ಸಾವಿರಾರು ಮಂದಿ ವಯಸ್ಕರು ಸಂಜೆಯ ಬಿಡುವನ್ನೆಲ್ಲ ವ್ಯಯಿಸಿ ಅಂಗೈಯಗಲದ ಟ್ಯಾಂಕು, ಲಾರಿ, ಫಿರಂಗಿಬಂಡಿಗಳನ್ನು ಕಟ್ಟುತ್ತಾರೆ; ಬಣ್ಣ ಬಳಿಯುತ್ತಾರೆ; ಅನಂತರ ಮೇಜಿನ ಮೇಲೆ ಬೆಟ್ಟ ಹಳ್ಳಗಳನ್ನು ನಿರ್ಮಿಸಿ, ಅಳತೆಪಟ್ಟಿಯನ್ನೂ ದಾಳವನ್ನೂ ಹಿಡಿದು ಯುದ್ಧವಾಡುತ್ತಾರೆ. ಇದು ದೊಡ್ಡವರ ಮಕ್ಕಳಾಟವೆ? ಅಥವಾ ಯುದ್ಧವನ್ನು ಚೆಂದಗಾಣಿಸುವ ಅಪಾಯದ ವಿನೋದವೆ? ವರುಷ ವರುಷವೂ ತರಗತಿಯಲ್ಲಿ ಪಂಪ, ರನ್ನ, ಕುಮಾರವ್ಯಾಸರ ಯುದ್ಧವರ್ಣನೆಗಳನ್ನು ಬಾಯಿತುಂಬ ಓದಿ ಹೇಳುವ ನನ್ನಂಥವನು ಈ ಪ್ರಶ್ನೆಯನ್ನು ಪರರದೆಂದು ತಳ್ಳಿಹಾಕುವಂತಿಲ್ಲ.

ಈ ವಿನೋದದ ವಂಶಾವಳಿಯನ್ನು ಸ್ವಲ್ಪ ನೋಡೋಣ. ಪ್ರಷ್ಯದಲ್ಲಿ ರೈಸ್‌ವಿಟ್ಜ್ ಎಂಬಾತನು 1812ರಲ್ಲಿ ರಾಜನಿಗೆ ಯುದ್ಧದಾಟದ ಮೇಜೊಂದನ್ನು ಒಪ್ಪಿಸಿದನು. ಸೇನಾಧಿಕಾರಿಯಾಗಿದ್ದ ಅವನ ಮಗನು 1824ರಲ್ಲಿ ಆ ಆಟವನ್ನು ತಿದ್ದಿ, ನಕಾಶೆ ಮತ್ತು ದಾಳಗಳನ್ನು ಕೂಡಿಸಿ, ಸೈನ್ಯದ ಶಿಕ್ಷಣಕ್ಕೆ ಒದಗಿಸಿದನು. ಅಲ್ಲಿ ಆಟ ಪಾಠವಾಗಿತ್ತು. ಅದನ್ನು ಮತ್ತೆ ಮನೆಯ ಆಟವಾಗಿಸಿದವರಲ್ಲಿ ಮುಖ್ಯನಾದವನು ಕಾದಂಬರಿಕಾರ ಎಚ್. ಜಿ. ವೆಲ್ಸ್. 1913ರಲ್ಲಿ ಅವನು ‘ಲಿಟ್ಲ್ ವಾರ್ಸ್’ ಎಂಬ ಪುಸ್ತಕ ಬರೆದನು. ಸೀಸದ ಸಿಪಾಯಿಗಳನ್ನು ನೆಲದ ಮೇಲೆ ನಿಲ್ಲಿಸಿ, ಸ್ಪ್ರಿಂಗಿನ ಆಟಿಕೆ ಫಿರಂಗಿಯಿಂದ ಸಣ್ಣ ಮರದ ತುಂಡುಗಳನ್ನು ಹಾರಿಸಿ ಅವರನ್ನು ಉರುಳಿಸುವ ಆಟ ಅದು. ಪುಸ್ತಕದ ಕೊನೆಗೆ ಬರುವಷ್ಟರಲ್ಲಿ ವೆಲ್ಸ್ ಗಂಭೀರನಾಗುತ್ತಾನೆ: ಈ ಪುಟ್ಟ ಯುದ್ಧವನ್ನು ನಾಲ್ಕಾರು ಸಲ ಆಡಿದವನಿಗೆ ನಿಜವಾದ ಮಹಾಯುದ್ಧ ಎಂಥ ಮೂರ್ಖತನವಾಗಬಲ್ಲುದೆಂಬುದು ತಾನಾಗಿ ಅರಿವಾಗುತ್ತದೆ ಎಂಬುದು ಅವನ ವಾದ.

ಇದೇ ವೆಲ್ಸ್ ಹತ್ತು ವರ್ಷ ಮೊದಲು, 1903ರ ಡಿಸೆಂಬರಿನಲ್ಲಿ, ನೆಲದ ಮೇಲೆ ನಡೆಯುವ ಉಕ್ಕಿನ ಹಡಗುಗಳನ್ನು ಕುರಿತು ಒಂದು ಕತೆ ಬರೆದಿದ್ದನು. ಮರುವರ್ಷವೇ ಮಹಾಯುದ್ಧ ಬರಲಿದೆಯೆಂಬುದು 1913ರಲ್ಲಿ ಆಟದ ಪುಸ್ತಕ ಬರೆದವನಿಗೆ ತಿಳಿಯದು; ಕತೆಯ ಯಂತ್ರ ನಿಜವಾಗಲಿದೆಯೆಂಬುದೂ ತಿಳಿಯದು. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೊಮ್ ರಣರಂಗದಲ್ಲಿ ಬ್ರಿಟಿಷ್ ಟ್ಯಾಂಕುಗಳು ಮೊದಲ ಸಲ ಕಾಳಗಕ್ಕಿಳಿದವು. ಎಂಟು ಮಂದಿಯೂ ಎಂಜಿನೂ ಒಂದೇ ಉಕ್ಕಿನ ಪೆಟ್ಟಿಗೆಯೊಳಗೆ. ಸೆಕೆ, ಹೊಗೆ, ಕಿವಿಗಡಚಿಕ್ಕುವ ಸದ್ದು. ಒಬ್ಬನೇ ಲೇಖಕನ ಮೇಜಿನಿಂದ ಯುದ್ಧವಾಹನದ ಕನಸೂ ಯುದ್ಧದ ಆಟವೂ ಹೊರಟವೆಂಬುದು ಗಮನಿಸತಕ್ಕ ಸಂಗತಿ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೀಸದ ಸ್ಥಾನಕ್ಕೆ ಪ್ಲಾಸ್ಟಿಕ್ ಬಂದಿತು. 1961ರಲ್ಲಿ ಇಂಗ್ಲೆಂಡಿನ ಏರ್‌ಫಿಕ್ಸ್ ಸಂಸ್ಥೆ ಜರ್ಮನರ ಪ್ಯಾಂಥರ್ ಟ್ಯಾಂಕಿನ ಬಿಡಿಭಾಗಗಳನ್ನು ಪೊಟ್ಟಣದಲ್ಲಿಟ್ಟು ಮಾರಿತು. ಅದೇ ವರ್ಷ ಜಪಾನಿನ ಶಿಜುವೋಕದ ತಮಿಯಾ ಸಂಸ್ಥೆಯೂ ಪ್ಯಾಂಥರನ್ನೇ ಹೊರತಂದಿತು. ಮರದ ವ್ಯಾಪಾರದಿಂದ ಆರಂಭವಾದ ಸಂಸ್ಥೆ ಅದು. ಒಳಗೆ ಮೋಟಾರೂ ಬ್ಯಾಟರಿಯೂ ಹಿಡಿಯಬೇಕೆಂಬ ಲೆಕ್ಕದಿಂದ ಅವರು ಆರಿಸಿಕೊಂಡ 1/35ರ ಪ್ರಮಾಣವೇ ಮುಂದೆ ಲೋಕವೆಲ್ಲ ಒಪ್ಪಿದ ಪ್ರಮಾಣವಾಯಿತು. 1962ರಲ್ಲಿ ಡೊನಾಲ್ಡ್ ಫೆದರ್‌ಸ್ಟೋನ್ ಬರೆದ ‘ವಾರ್ ಗೇಮ್ಸ್’ ಪ್ರಕಟವಾಗಿ ಈ ಹವ್ಯಾಸಿಗಳಿಗೆ ಕೈಪಿಡಿಯಾಯಿತು. ಫೆದರ್‌ಸ್ಟೋನ್ ಯುದ್ಧಕಾಲದಲ್ಲಿ ಟ್ಯಾಂಕು ದಳದ ಸೈನಿಕ. ಶಾಂತಿಕಾಲದಲ್ಲಿ ಜನರ ಕೈಕಾಲುಗಳ ನೋವನ್ನು ಅಂಗಮರ್ದನ ವ್ಯಾಯಾಮಗಳಿಂದ ವಾಸಿಮಾಡುವ ಫಿಸಿಯೋಥೆರಪಿಸ್ಟ್. ನಿಜವಾದ ಟ್ಯಾಂಕನ್ನು ಬಲ್ಲವನೇ ಆಟದ ಟ್ಯಾಂಕಿಗೂ ಗುರುವಾದನು.

ಇನ್ನು ಕಟ್ಟುವ ಕ್ರಮ. ಭಾಗಗಳು ಒಂದು ಪ್ಲಾಸ್ಟಿಕ್ ಚೌಕಟ್ಟಿಗೆ, ಬಳ್ಳಿಗೆ ಕಾಯಿ ಅಂಟಿರುವಂತೆ, ಅಂಟಿಕೊಂಡು ಬರುತ್ತವೆ. ಅವನ್ನು ಚೂಪಾದ ಅಲಗಿನಿಂದ ಬಿಡಿಸಬೇಕು. ಅಚ್ಚಿನ ಗೆರೆಯನ್ನು ಅರದಿಂದ ಉಜ್ಜಬೇಕು. ಚಿಮುಟದಲ್ಲಿ ಹಿಡಿದು ಅಂಟಿಸಬೇಕು. ಸಂದುಗಳಿಗೆ ಪುಟ್ಟಿ ತುಂಬಬೇಕು. ಉಳಿದ ಚೌಕಟ್ಟೂ ವ್ಯರ್ಥವಲ್ಲ: ಅದರ ಕಡ್ಡಿಯನ್ನು ಮೇಣದಬತ್ತಿಯ ಉರಿಯ ಮೇಲೆ ಮೆದುಮಾಡಿ ಎರಡು ಕೈಯಿಂದ ಎಳೆದರೆ ಕೂದಲಿನಂಥ ಎಳೆಯಾಗುತ್ತದೆ, ಅದೇ ವೈರ್‌ಲೆಸ್ಸಿನ ತಂತಿ. ಅನಂತರ ತಳಬಣ್ಣ, ಅದರ ಮೇಲೆ ಮೈಬಣ್ಣ. ಬಳಿಕ ನೀರಾಗಿ ಕದಡಿದ ಕಂದುಬಣ್ಣವನ್ನು ಹರಿಯಬಿಟ್ಟರೆ ಅದು ಸಂದುಗೊಂದುಗಳಲ್ಲಿ ನಿಂತು ನೆರಳಾಗುತ್ತದೆ. ಕಡೆಗೆ ಕುಂಚದ ಬಣ್ಣವನ್ನು ಬಟ್ಟೆಗೆ ಒರಸಿ, ಬಹುತೇಕ ಒಣಗಿದ ಕುಂಚವನ್ನು ಅಂಚುಗಳ ಮೇಲೆ ಆಡಿಸಿದರೆ ಉಕ್ಕು ಸವೆದಂತೆ ಕಾಣುತ್ತದೆ. ಬೆಳಕನ್ನೂ ನೆರಳನ್ನೂ ಇಲ್ಲಿ ಸೂರ್ಯನಿಗೆ ಬಿಡುವುದಿಲ್ಲ, ಕುಶಲಿಯೇ ಬಳಿದುಬಿಡುತ್ತಾನೆ.

ಪ್ರಮಾಣದ ಲೆಕ್ಕ ಇನ್ನೂ ಸ್ವಾರಸ್ಯವಾದದ್ದು. 1/72 ಎಂದರೆ ಆರಡಿಯ ಮನುಷ್ಯ ಒಂದಂಗುಲವಾಗುತ್ತಾನೆ. ಸುಮಾರು 5.8 ಮೀಟರ್ ಉದ್ದದ ಅಮೆರಿಕನ್ ಶರ್ಮನ್ ಟ್ಯಾಂಕು ಎಂಟು ಸೆಂಟಿಮೀಟರಾಗುತ್ತದೆ. ಉದ್ದ ಎಪ್ಪತ್ತೆರಡರಲ್ಲೊಂದಾದರೆ ತೂಕ ಮೂರು ಲಕ್ಷ ಎಪ್ಪತ್ತಮೂರು ಸಾವಿರದಲ್ಲೊಂದಾಗಬೇಕು: ಮೂವತ್ತು ಟನ್ನಿನ ಯಂತ್ರ ಎಂಬತ್ತು ಗ್ರಾಮಿಗೆ ಇಳಿಯಿತು. ಆದರೆ ನೆಲಕ್ಕೆ ಈ ಲೆಕ್ಕ ಒಗ್ಗುವುದಿಲ್ಲ. ಆರಡಿ ಮೇಜಿನ ಉದ್ದ ಈ ಪ್ರಮಾಣದಲ್ಲಿ ಕೇವಲ 132 ಮೀಟರು. ಸಾವಿರ ಮೀಟರ್ ದೂರಕ್ಕೆ ಗುಂಡುಹಾರಿಸುವ ಟ್ಯಾಂಕಿಗೆ ಶತ್ರುವನ್ನು ನಿಲ್ಲಿಸಬೇಕಾದರೆ ಹದಿನಾಲ್ಕು ಮೀಟರ್ ಆಚೆ, ಪಕ್ಕದ ಮನೆಯ ಅಂಗಳದಲ್ಲಿ ನಿಲ್ಲಿಸಬೇಕಾದೀತು! ಆದುದರಿಂದ ಆಟಗಾರರು ವಾಹನಕ್ಕೊಂದು ಅಳತೆ, ನೆಲಕ್ಕೊಂದು ಅಳತೆ ಇಟ್ಟುಕೊಳ್ಳುತ್ತಾರೆ. ನಮ್ಮ ಯಕ್ಷಗಾನದ ರಂಗದಲ್ಲಿ ಎರಡು ಹೆಜ್ಜೆಗೆ ದಂಡಕಾರಣ್ಯ ದಾಟುವುದಿಲ್ಲವೆ? ನೋಡುವವನೂ ಆಡುವವನೂ ಕೂಡಿ ಒಪ್ಪಿಕೊಂಡ ಸುಳ್ಳು ಕಲೆಯಲ್ಲಿ ದೋಷವೆನಿಸದು.

ಹಾಗಾದರೆ ಈ ವಿನೋದದಲ್ಲಿ ಸತ್ಯ ಎಲ್ಲಿದೆ? ಪೊಟ್ಟಣದಲ್ಲಿ ಬಂದುದನ್ನು ಬಂದಂತೆ ಜೋಡಿಸದೆ, ಕುಶಲಿಯಾದವನು ಅದನ್ನು ಮಾರ್ಪಡಿಸುತ್ತಾನಲ್ಲ, ಅಲ್ಲಿದೆಯೆಂದು ನನ್ನ ಅಭಿಪ್ರಾಯ. ಕಾರಣವನ್ನು ಹೇಳುತ್ತೇನೆ. ವಾಹನವನ್ನು ಮಾರ್ಪಡಿಸುವ ವಿದ್ಯೆ ಹವ್ಯಾಸಿಗಳದಲ್ಲ. ಅದು ರಣರಂಗದಲ್ಲಿ ಹುಟ್ಟಿದ್ದು.

1944ರ ಬೇಸಗೆಯಲ್ಲಿ ನಾರ್ಮಂಡಿಗೆ ಇಳಿದ ಅಮೆರಿಕನ್ ಟ್ಯಾಂಕುಗಳಿಗೆ ಅಲ್ಲಿಯ ಹೊಲಗಳ ಬದುಬೇಲಿಗಳೇ ಕೋಟೆಗಳಾದವು. ಮಣ್ಣಿನ ಎತ್ತರವಾದ ಬದು, ಅದರ ಮೇಲೆ ಬೇರುಬಿಟ್ಟ ಪೊದೆ. ಅದನ್ನೇರಿದ ಟ್ಯಾಂಕು ಮೂತಿಯೆತ್ತಿದಾಗ ಅದರ ತೆಳುವಾದ ಹೊಟ್ಟೆ ಶತ್ರುವಿಗೆ ಗುರಿಯಾಗುತ್ತಿತ್ತು. ಆಗ ಕರ್ಟಿಸ್ ಕ್ಯೂಲಿನ್ ಎಂಬ ಸಾರ್ಜೆಂಟ್ ಜರ್ಮನರು ಕಡಲತೀರದಲ್ಲಿ ಅಡ್ಡಲಾಗಿ ನೆಟ್ಟಿದ್ದ ಉಕ್ಕಿನ ತೊಲೆಗಳನ್ನೇ ಕತ್ತರಿಸಿ, ಕೋರೆಹಲ್ಲುಗಳಂತೆ ಟ್ಯಾಂಕಿನ ಮುಂದೆ ಬೆಸುಗೆಮಾಡಿಸಿದನು. ಟ್ಯಾಂಕು ಬದುವನ್ನು ಏರುವ ಬದಲು ಸೀಳಿಕೊಂಡು ಹೋಯಿತು. ಶತ್ರುವಿನ ಅಡ್ಡಿಯೇ ದಾರಿಯಾಯಿತು. ಅದೇ ವರ್ಷ ಹ್ಯೂರ್ಟ್‌ಗೆನ್ ಕಾಡಿನ ಕಾಳಗದಲ್ಲಿ ಕ್ಯೂಲಿನ್ ತನ್ನ ಒಂದು ಕಾಲನ್ನು ಕಳೆದುಕೊಂಡನು. ಇಂದು ಹವ್ಯಾಸಿಯೊಬ್ಬ ಪ್ಲಾಸ್ಟಿಕ್ ಹಾಳೆಯಿಂದ ಅಂಥ ಕೋರೆಹಲ್ಲುಗಳನ್ನು ಕತ್ತರಿಸಿ ಅಂಟಿಸುವಾಗ, ಅವನ ಬೆರಳು ಒಬ್ಬ ಸಾರ್ಜೆಂಟನ ಸಂಕಟದ ಆಲೋಚನೆಯನ್ನೇ ಮತ್ತೊಮ್ಮೆ ಆಲೋಚಿಸುತ್ತಿರುತ್ತದೆ.

ನಮ್ಮ ನಾಡಿನ ನೆನಪಿಗೂ ಇಂಥದೊಂದು ಪ್ರಸಂಗ ಸೇರಿದೆ. 1948ರಲ್ಲಿ ಕಾಶ್ಮೀರದ ಜೋಜಿ ಲಾ ಕಣಿವೆಯನ್ನು ತೆರವುಮಾಡುವ ಹೊಣೆ ಮಡಿಕೇರಿಯಲ್ಲಿ ಹುಟ್ಟಿದ ಮೇಜರ್ ಜನರಲ್ ಕೆ. ಎಸ್. ತಿಮ್ಮಯ್ಯನವರ ಮೇಲೆ ಬಿದ್ದಿತ್ತು. ಸುಮಾರು 11,500 ಅಡಿ ಎತ್ತರದ ಆ ಹಿಮದ ದಾರಿಗೆ ಟ್ಯಾಂಕು ಬಂದೀತೆಂದು ಎದುರಾಳಿಗಳು ಎಣಿಸಿರಲಿಲ್ಲ. ದಾರಿಯ ಸೇತುವೆಗಳು ಭಾರ ತಡೆಯಲೆಂದೂ ಗುಟ್ಟು ಬಯಲಾಗದಿರಲೆಂದೂ 7ನೆಯ ಲೈಟ್ ಕ್ಯಾವಲ್ರಿಯ ಸ್ಟೂವರ್ಟ್ ಟ್ಯಾಂಕುಗಳ ಗೋಪುರಗಳನ್ನು ಕಳಚಿ ಬೇರೆಯಾಗಿ ಸಾಗಿಸಿದರು. ಬೆಂಗಳೂರನ್ನು ಕೇಂದ್ರವಾಗಿ ಉಳ್ಳ ಮದ್ರಾಸ್ ಸ್ಯಾಪರ್ಸ್ ದಳದವರು ಹೇಸರಗತ್ತೆಯ ಜಾಡನ್ನು ಟ್ಯಾಂಕು ನಡೆಯುವ ದಾರಿಯಾಗಿ ಅಗಲಿಸಿದರು. ನವೆಂಬರ್ 1ರಂದು, ಗೋಪುರಗಳನ್ನು ಮತ್ತೆ ಧರಿಸಿದ ಟ್ಯಾಂಕುಗಳು ಕಣಿವೆಯನ್ನೇರಿದವು. ತಿಮ್ಮಯ್ಯನವರು ಹಿಂದೆ ಉಳಿಯದೆ ಮುಂದಿನ ಟ್ಯಾಂಕಿನಲ್ಲೇ ಇದ್ದರು. ಯಾವನಾದರೂ ಹವ್ಯಾಸಿ ಗೋಪುರವಿಲ್ಲದ ಒಂದು ಪುಟ್ಟ ಸ್ಟೂವರ್ಟನ್ನು ಕಟ್ಟಿ, ಮೇಲೆ ಟಾರ್ಪಾಲಿನ ಮುಸುಕು ಹಾಕಿಟ್ಟರೆ, ತಿಳಿಯದವನಿಗೆ ಅದು ಮುರಿದ ಆಟಿಕೆ. ತಿಳಿದವನಿಗೆ ಅದೊಂದು ಇತಿಹಾಸದ ಅಧ್ಯಾಯ.

ಕಾರ್ಖಾನೆಯಿಂದ ಹೊರಬಂದ ಸಾವಿರ ಟ್ಯಾಂಕುಗಳಿಗೂ ಒಂದೇ ಮುಖ. ಅದರೊಳಗೆ ಕುಳಿತವನು ಭಯಪಟ್ಟು, ಯೋಚಿಸಿ, ಒಂದು ತೊಲೆಯನ್ನೋ ಮರಳುಚೀಲವನ್ನೋ ಕಟ್ಟಿದಾಗ ಮಾತ್ರ ಅದಕ್ಕೆ ತನ್ನದೇ ಮುಖ ಬರುತ್ತದೆ. ಮಾರ್ಪಾಡೆಂದರೆ ಮನುಷ್ಯನ ಹಸ್ತಾಕ್ಷರ. ಅದನ್ನು ಓದಲು ಬಲ್ಲ ಹವ್ಯಾಸಿಗೂ ಗ್ರಂಥಸಂಪಾದಕನಿಗೂ ಹೆಚ್ಚಿನ ಭೇದವಿಲ್ಲ. ಜರ್ಮನರು 1943ರ ಕೊನೆಯಿಂದ 1944ರ ಸೆಪ್ಟೆಂಬರಿನವರೆಗೆ ತಮ್ಮ ಟ್ಯಾಂಕುಗಳಿಗೆ ಜಿಮರಿಟ್ ಎಂಬ ಗೀರುಗೀರಾದ ಲೇಪವನ್ನು ಬಳಿಯುತ್ತಿದ್ದರು. ಆಯಸ್ಕಾಂತದ ಸಿಡಿಗುಂಡು ಉಕ್ಕಿಗೆ ಅಂಟದಿರಲೆಂದು ಮಾಡಿದ ಉಪಾಯ. ಹವ್ಯಾಸಿಗಳು ತೆಳುವಾಗಿ ಪುಟ್ಟಿ ಬಳಿದು, ಗೀರೆಳೆದು ಅದನ್ನು ತೋರಿಸುತ್ತಾರೆ. 1945ರಲ್ಲಿ ತಯಾರಾದ ಟ್ಯಾಂಕಿಗೆ ಈ ಲೇಪ ಬಳಿದರೆ ಬಲ್ಲವರು ನಗುತ್ತಾರೆ. ಪಂಪನ ಪಾಠದೊಳಗೆ ನಡುಗನ್ನಡದ ರೂಪವೊಂದು ನುಸುಳಿದರೆ ನಾವು ಹುಬ್ಬುಗಂಟಿಕ್ಕುವುದಿಲ್ಲವೆ, ಹಾಗೆ. ಅಲಂಕಾರದ ಮಾತೂ ಇಷ್ಟೆ. ಕೆಸರು, ತುಕ್ಕು, ಗುಂಡಿನ ಗಾಯಗಳನ್ನು ಮಿತಿಮೀರಿ ಬಳಿದ ಮಾದರಿ, ಉಪಮೆಗಳನ್ನು ತುರುಕಿದ ಪದ್ಯದಂತೆ ಉಸಿರುಗಟ್ಟಿಸುತ್ತದೆ. ಕೆಸರು ಚಕ್ರಕ್ಕೆ ಸಲ್ಲುವುದು, ಸವಕಲು ಮುಚ್ಚಳದ ಅಂಚಿಗೆ, ಮಸಿ ಹೊಗೆಕೊಳವೆಗೆ. ಕ್ಷೇಮೇಂದ್ರನು ಹೇಳಿದ ಔಚಿತ್ಯ ಅಂಗೈಯಗಲದ ಟ್ಯಾಂಕಿಗೂ ಅನ್ವಯಿಸುತ್ತದೆ.

ಇಷ್ಟಾದರೂ ಮೊದಲಿನ ಪ್ರಶ್ನೆ ಉಳಿದೇ ಇದೆ. ಕೆಲಸದ ನಿಮಿತ್ತ ಕೆಲವು ವರ್ಷ ಇಂಗ್ಲೆಂಡಿನಲ್ಲಿದ್ದು ಈ ವಿದ್ಯೆಯನ್ನು ಕಲಿತುಬಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಮ್ಮೆ ತಾನು ಕಟ್ಟಿದ ಶರ್ಮನ್ ಟ್ಯಾಂಕನ್ನು ತಂದು ತೋರಿಸಿದನು. ಆಟದಲ್ಲಿ ಟ್ಯಾಂಕು ಹೊಡೆಸಿಕೊಂಡರೆ ಏನು ಮಾಡುವಿರೆಂದು ಕೇಳಿದೆ. “ಅದರ ಮೇಲೆ ಒಂದು ಹತ್ತಿಯ ಉಂಡೆ ಇಡುತ್ತೇವೆ ಸರ್, ಹೊಗೆಯ ಗುರುತಿಗೆ” ಎಂದನು. “ಒಳಗಿದ್ದವರ ಗತಿ?” ಎಂದೆ. “ನಾವಾಡುವ ನಿಯಮಗಳಲ್ಲಿ ಅದು ಬರುವುದಿಲ್ಲ ಸರ್” ಎಂದವನು, ಸ್ವಲ್ಪ ತಡೆದು, ಟ್ಯಾಂಕನ್ನು ಹಿಂದುಮುಂದಾಗಿ ತಿರುಗಿಸಿ ಇಟ್ಟನು. ಗೋಪುರದ ಹಿಂಬದಿಯಲ್ಲಿ, ಕಾಗದವನ್ನು ಅಂಟಿನಲ್ಲಿ ನೆನೆಸಿ ಸುತ್ತಿ ಮಾಡಿದ ಹಾಸಿಗೆಯ ಸುರುಳಿಗಳಿದ್ದವು. ಒಂದೊಂದೂ ಭತ್ತದ ಕಾಳಿನಷ್ಟು. ಎಣಿಸಿದೆ, ಐದು. “ಪೊಟ್ಟಣದಲ್ಲಿ ಇವು ಬರುವುದಿಲ್ಲ ಸರ್. ಶರ್ಮನ್ನಿಗೆ ಐದು ಜನ. ಐದು ಜನಕ್ಕೂ ರಾತ್ರಿ ಮಲಗಲು ಬೇಕಲ್ಲ” ಎಂದನು.

ಈ ಉತ್ತರ ನನ್ನನ್ನು ಬಹುಕಾಲ ಯೋಚನೆಗೆ ಹಚ್ಚಿತು. ಆಟವು ಮರೆಯುತ್ತದೆ, ಮರೆಯದಿದ್ದರೆ ಅದನ್ನು ಆಡುವಂತಿಲ್ಲ. ಹತ್ತಿಯ ಉಂಡೆ ತೆಗೆದರೆ ಬೆಂಕಿ ಆರಿತು, ಬರುವ ಭಾನುವಾರಕ್ಕೆ ಅದೇ ಟ್ಯಾಂಕು ಮತ್ತೆ ಸಿದ್ಧ. ಆದರೆ ಕಟ್ಟುವ ಕೈ ಅಷ್ಟು ಸುಲಭವಾಗಿ ಮರೆಯದು. ಪ್ರತಿಯೊಂದು ಸೇರ್ಪಡೆಗೂ ಅದು ಏಕೆ, ಯಾರಿಗಾಗಿ ಎಂದು ಕೇಳಿಕೊಳ್ಳದೆ ಮುಂದುವರಿಯಲು ಆಗದು. ಕೇಳುತ್ತ ಕೇಳುತ್ತ ಉಕ್ಕಿನ ಪೆಟ್ಟಿಗೆಯೊಳಗಿನ ಮನುಷ್ಯನಿಗೆ ಎದುರಾಗಲೇಬೇಕು.

ನಮ್ಮ ಕವಿಗಳೂ ಮಾಡಿದ್ದು ಇದನ್ನೇ ಅಲ್ಲವೆ? ಹದಿನೆಂಟು ಅಕ್ಷೋಹಿಣಿಯ ಸಂಖ್ಯೆ ಓದುಗನ ಕಣ್ಣಿಗೆ ಕಾಣುವುದಿಲ್ಲ. ಮುಗಿದ ರಣರಂಗದಲ್ಲಿ ಹೆಣಗಳ ನಡುವೆ ನಡೆಯುವ ರನ್ನನ ದುರ್ಯೋಧನ ಕಾಣುತ್ತಾನೆ. ನೆಲಕ್ಕೆ ಹೂತ ಚಕ್ರವನ್ನು ಎತ್ತಲು ಬಾಗಿದ ಕರ್ಣ ಕಾಣುತ್ತಾನೆ. ಮಹಾರಥರ ಯುದ್ಧ ಕಡೆಗೆ ಒಂದು ಚಕ್ರದ ಅಳತೆಗೆ ಇಳಿದಾಗಲೇ ನಮಗೆ ಅದರ ಭಾರ ತಿಳಿಯುತ್ತದೆ. ಕಿರಿದು ಮಾಡುವುದರಿಂದ ಯುದ್ಧ ಹಗುರವಾಗಬಹುದು; ಮನಸ್ಸಿದ್ದರೆ, ಹಿಡಿಯಲು ಸಾಧ್ಯವಾಗುವಷ್ಟು ಹತ್ತಿರವೂ ಆಗಬಹುದು. ಎಂಬತ್ತು ಗ್ರಾಮಿನ ಟ್ಯಾಂಕು ಹಗುರವೋ ಭಾರವೋ ಎಂಬುದನ್ನು ನಿರ್ಧರಿಸುವುದು ತಕ್ಕಡಿಯಲ್ಲ; ಅದರ ಬೆನ್ನಿಗೆ ಐದು ಹಾಸಿಗೆಗಳನ್ನು ಕಟ್ಟುವ ನೆನಪು ಕಟ್ಟಿದವನಿಗೆ ಇದ್ದಿತೆ ಎಂಬುದು.