ಬೆಂಗಳೂರಾಗ ಎಲ್ಲಿ ಇರ್ತೀ ತಂಗಿ?

ನಮ್ಮ ಕಡೆಯ ಹುಡುಗಿಗೆ ಬೆಂಗಳೂರಿನಲ್ಲಿ ಇಂಟರ್ನ್‌ಶಿಪ್ ಸಿಕ್ಕಿದೆ ಎಂದು ಗೊತ್ತಾದರೆ ಕಂಪನಿ ಯಾವುದು, ಸ್ಟೈಪೆಂಡ್ ಎಷ್ಟು ಎಂದು ಊರಿನವರು ಆಮೇಲೆ ಕೇಳುತ್ತಾರೆ. ಮೊದಲು ಕೇಳುವುದು ‘ಎಲ್ಲಿ ಇರ್ತೀ ತಂಗಿ?’ ಎಂದು. ಈ ಪ್ರಶ್ನೆಗೆ ಮನೆಯವರು ಒಪ್ಪುವ ಉತ್ತರ ಸಿಗದೆ, ಬಂದ ಅವಕಾಶವನ್ನೇ ಬಿಟ್ಟುಕೊಟ್ಟ ಸೀನಿಯರ್‌ಗಳನ್ನು ನಾನು ನೋಡಿದ್ದೇನೆ.

ನಾವು ಬೆಳಗಾವಿಯಲ್ಲಿ ಬಿ.ಇ. ಓದುತ್ತಿರುವ ಮೂವರು ಗೆಳತಿಯರು. ಒಬ್ಬಳು ಗೋಕಾಕದವಳು, ಒಬ್ಬಳು ಹುಕ್ಕೇರಿಯವಳು, ನಾನು ಮೂಡಲಗಿ ತಾಲ್ಲೂಕಿನ ಹಳ್ಳಿಯವಳು. ಮೂರು ವರ್ಷದಿಂದ ಹಾಸ್ಟೆಲ್‌ನ ಒಂದೇ ಕೋಣೆ. ಬರುವ ಸೆಮಿಸ್ಟರ್‌ಗೆ ಮೂವರಿಗೂ ನಾಲ್ಕು ತಿಂಗಳ ಇಂಟರ್ನ್‌ಶಿಪ್ ಸಿಕ್ಕಿತು, ಮೂರೂ ಬೆಂಗಳೂರಿನಲ್ಲೇ. ಮೂರು ಮನೆಗಳಿಂದಲೂ ಬಂದ ಷರತ್ತು ಒಂದೇ: ‘ಮೂವರೂ ಕೂಡಿ ಒಂದ ರೂಮಿನ್ಯಾಗ ಇರೂದಾದ್ರ ಕಳಸ್ತೀವಿ. ಇಲ್ಲಂದ್ರ ಬ್ಯಾಡ.’

ಕೇಳಿ ನಮಗೂ ಖುಷಿಯೇ ಆಯಿತು. ಮೊಬೈಲ್‌ನಲ್ಲಿ ನಕ್ಷೆ ತೆರೆದಾಗ ತೊಡಕು ಕಂಡಿತು. ಗೋಕಾಕದವಳ ಕಾರ್ಖಾನೆ ಪೀಣ್ಯದಲ್ಲಿ, ಅಂದರೆ ನಗರದ ವಾಯವ್ಯಕ್ಕೆ. ಹುಕ್ಕೇರಿಯವಳದು ಎಲೆಕ್ಟ್ರಾನಿಕ್ ಸಿಟಿ, ಆಗ್ನೇಯದ ತುದಿ. ನನ್ನ ಆಫೀಸು ಪೂರ್ವದಲ್ಲಿ, ವೈಟ್‌ಫೀಲ್ಡ್ ದಾರಿಯ ಪಟ್ಟಂದೂರು ಅಗ್ರಹಾರ ಮೆಟ್ರೊ ನಿಲ್ದಾಣದ ಹತ್ತಿರ. ಮೂರು ದಿಕ್ಕಿಗೆ ಮೂರು ಕೆಲಸ, ಒಂದೇ ರೂಮು!

ಎಲ್ಲರ ಮನೆಯಲ್ಲೂ ಮೊದಲು ನೆನಪಾಗುವುದು ನೆಂಟರು. ನಮಗೂ ರಾಜಾಜಿನಗರದಲ್ಲಿ ದೂರದ ಕಾಕಾ ಒಬ್ಬರಿದ್ದಾರೆ. ಎರಡು ಕೋಣೆಯ ಮನೆ, ಅದರಲ್ಲಿ ಐದು ಜನ. ‘ಬಾರವಾ, ನಮ್ಮ ಕೂಡ ಇರು’ ಎಂದು ಕಾಕು ಮನಸ್ಸಿನಿಂದಲೇ ಕರೆದರು. ನಾಲ್ಕು ದಿನವಾದರೆ ಹೋಗುತ್ತಿದ್ದೆ. ನಾಲ್ಕು ತಿಂಗಳು ಇನ್ನೊಬ್ಬರ ಸ್ನಾನದ ಹೊತ್ತು, ಊಟದ ಹೊತ್ತು, ಮಕ್ಕಳ ಪರೀಕ್ಷೆಯ ನಡುವೆ ಇರುವುದು ಅವರಿಗೂ ಭಾರ, ನನಗೂ ಸಂಕೋಚ. ಉದ್ಯೋಗಸ್ಥ ಮಹಿಳೆಯರ ಹಾಸ್ಟೆಲ್‌ಗಳಲ್ಲಿ ತರಬೇತಿಯಲ್ಲಿರುವವರಿಗೂ ಒಂದಷ್ಟು ಜಾಗ ಇರುತ್ತದೆ ಎಂದು ತಿಳಿದು ವಿಚಾರಿಸಿದೆವು. ನಾವು ಕೇಳಿದ ಕಡೆಗಳಲ್ಲಿ ಸೀಟು ಖಾಲಿ ಇರಲಿಲ್ಲ. ಉಳಿದಿದ್ದು ಪಿಜಿ.

ಹುಕ್ಕೇರಿ ಕಡೆಯ ಸೀನಿಯರ್ ಅಕ್ಕ ಒಬ್ಬರು ಈಗ ಸಿಂಗಪುರದಲ್ಲಿದ್ದಾರೆ. ಅಲ್ಲಿ ಹತ್ತರಲ್ಲಿ ಸುಮಾರು ಎಂಟು ಮಂದಿ ಸರ್ಕಾರದ ಮಂಡಳಿ ಕಟ್ಟಿಸಿದ ಫ್ಲ್ಯಾಟ್‌ಗಳಲ್ಲೇ ಇರುತ್ತಾರಂತೆ. ಹೊರಗಿನಿಂದ ಬಂದವರು ರೂಮು ಹುಡುಕುವಾಗ ರೈಲು ನಿಲ್ದಾಣಕ್ಕೆ ಎಷ್ಟು ನಿಮಿಷದ ನಡಿಗೆ ಎಂದು ಮೊದಲು ನೋಡುತ್ತಾರಂತೆ. ‘ಕಿಲೋಮೀಟರ್ ಲೆಕ್ಕ ಹಾಕಬ್ಯಾಡ್ರಿ, ನಿಮಿಷ ಎಣಿಸ್ರಿ’ ಎಂದು ಅಕ್ಕ ಹೇಳಿದರು. ಅಲ್ಲಿಂದ ನಮ್ಮ ಹುಡುಕಾಟಕ್ಕೆ ಒಂದು ದಾರಿ ಸಿಕ್ಕಿತು.

ಬೆಂಗಳೂರು ಮೆಟ್ರೊ ನಕ್ಷೆ ಹರಡಿಕೊಂಡು ಕುಳಿತೆವು. ನೇರಳೆ ಮಾರ್ಗ 2023ರ ಅಕ್ಟೋಬರ್‌ನಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿ ಓಡುತ್ತಿದೆ. ಹಸಿರು ಮಾರ್ಗ ಪೀಣ್ಯದ ಮೇಲೆ ಹಾಯುತ್ತದೆ. ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಶುರುವಾಯಿತು, ಅದು ಆರ್.ವಿ. ರಸ್ತೆ ನಿಲ್ದಾಣದಲ್ಲಿ ಹಸಿರು ಮಾರ್ಗವನ್ನು ಕೂಡುತ್ತದೆ. ಹಾಗಾಗಿ ಜಯನಗರದ ಸುತ್ತಮುತ್ತ ರೂಮು ಹಿಡಿದರೆ ಗೋಕಾಕದವಳು ರೈಲು ಬದಲಿಸದೆ ಪೀಣ್ಯ ಸೇರುತ್ತಾಳೆ. ಹುಕ್ಕೇರಿಯವಳಿಗೂ ದಾರಿ ಸುಲಭ. ನಾನು ಮಾತ್ರ ಮೆಜೆಸ್ಟಿಕ್‌ಗೆ ಹೋಗಿ ರೈಲು ಬದಲಿಸಿ ನಗರದ ಇನ್ನೊಂದು ತುದಿಗೆ ಹೋಗಬೇಕು. ಷರತ್ತು ಪಾಲಿಸಬೇಕೆಂದರೆ ಇದಕ್ಕಿಂತ ಒಳ್ಳೆಯ ಜಾಗ ನಕ್ಷೆಯಲ್ಲಿ ಇರಲಿಲ್ಲ.

ರೂಮು ನೋಡಲು ಅಪ್ಪನೂ ನಮ್ಮ ಜೊತೆ ಹೊರಟ. ಘಟಪ್ರಭಾದಲ್ಲಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿದೆವು. ನಿಲ್ದಾಣದಿಂದ ಹೊರಬರುತ್ತಲೇ ಅಪ್ಪ ಗುಬ್ಬಿ ತೋಟದಪ್ಪನವರ ಛತ್ರ ತೋರಿಸಿ, ವಯಸ್ಸಿನಲ್ಲಿದ್ದಾಗ ಅಲ್ಲಿ ಉಳಿದಿದ್ದ ಕತೆ ಹೇಳಿದ. ಊರು ಬಿಟ್ಟು ಬರುವ ಪ್ರಯಾಣಿಕರಿಗೆ, ವಿದ್ಯಾರ್ಥಿಗಳಿಗೆ ಎಂದು ತೋಟದಪ್ಪನವರು ಕಟ್ಟಿಸಿದ ಈ ಛತ್ರ 1903ರಲ್ಲಿ ಆರಂಭವಾಯಿತು. ಅಪ್ಪನ ಕಾಲಕ್ಕೆ ರೈಲು ಇಳಿದು ಎದುರಿಗೆ ಬಂದರೆ ಉಳಿಯುವ ಚಿಂತೆ ಮುಗಿಯುತ್ತಿತ್ತು. ನಾವು ಹದಿನೇಳು ಪಿಜಿಗಳಿಗೆ ಫೋನ್ ಮಾಡಿ ಪಟ್ಟಿ ಹಿಡಿದು ಬಂದಿದ್ದೆವು.

ಫೋಟೊದಲ್ಲಿ ಎಲ್ಲ ಪಿಜಿಯೂ ಚೆಂದ. ಹೋಗಿ ನೋಡಿದಾಗ ಕೆಲವು ಕಡೆ ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ. ಒಂದು ಕಡೆ ಮೂವರ ಕೋಣೆ ಎಂದು ತೋರಿಸಿದ್ದನ್ನು ಅಪ್ಪ ಹೊಲ ಅಳೆದಂತೆ ಹೆಜ್ಜೆ ಹಾಕಿ ಅಳೆದ. ಒಂಬತ್ತು ಅಡಿಗೆ ಹನ್ನೊಂದು ಅಡಿ, 99 ಚದರ ಅಡಿ. 2024ರ ಜುಲೈನಲ್ಲಿ ಕೋರಮಂಗಲದ ಪಿಜಿಯೊಂದರಲ್ಲಿ ಯುವತಿಯ ಕೊಲೆಯಾದ ಮೇಲೆ ಆಗಿನ ಬಿಬಿಎಂಪಿ ಆಗಸ್ಟ್‌ನಲ್ಲಿ ಪಿಜಿಗಳಿಗೆ ನಿಯಮ ಹೊರಡಿಸಿತ್ತು. ಒಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಬಾಗಿಲುಗಳಲ್ಲಿ ಸಿಸಿಟಿವಿ ಕ್ಯಾಮೆರಾ, ಅಡುಗೆಮನೆ ಇದ್ದರೆ ಎಫ್‌ಎಸ್‌ಎಸ್‌ಎಐ ಪರವಾನಗಿ. ಆ ಲೆಕ್ಕದಲ್ಲಿ ಮೂವರಿಗೆ 210 ಚದರ ಅಡಿ ಬೇಕು. ಕೈ ಮುಗಿದು ಹೊರಬಂದೆವು.

ಇನ್ನೊಂದು ಕಡೆ ಮ್ಯಾನೇಜರ್ ಬಾಡಿಗೆಯ ಮೇಲೆ ಜಿಎಸ್‌ಟಿ ಬೇರೆ ಎಂದರು. ತಿಂಗಳಿಗೆ 20,000 ರೂಪಾಯಿಯೊಳಗಿನ ಬಾಡಿಗೆಗೆ, ಸತತ 90 ದಿನಕ್ಕಿಂತ ಕಡಿಮೆಯಿಲ್ಲದಂತೆ ಉಳಿಯುವವರಿಗೆ ಆ ತೆರಿಗೆ ಇಲ್ಲ ಎಂದು 2024ರಲ್ಲೇ ತೀರ್ಮಾನವಾಗಿದೆ ಎಂದು ಗೋಕಾಕದವಳು ಮೊಬೈಲ್ ತೆಗೆದು ತೋರಿಸಿದಳು. ಅವರು ಮಾತು ಬದಲಿಸಿದರು. ಅಡ್ವಾನ್ಸ್‌ನಲ್ಲಿ ವಾಪಸ್ ಬರುವುದೆಷ್ಟು, ಬಿಡುವಾಗ ಎಷ್ಟು ದಿನ ಮೊದಲು ಹೇಳಬೇಕು ಎಂಬುದನ್ನೂ ಬರೆದುಕೊಡಿ ಎಂದು ಎಲ್ಲ ಕಡೆ ಕೇಳಿದೆವು. ಬರೆದುಕೊಡಲು ಒಪ್ಪದವರ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿದೆವು.

ಅಪ್ಪ ಮಾತ್ರ ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತಿದ್ದ: ‘ಇಲ್ಲಿತನಾ ನೀರು ಬಂದಿತ್ತೇನ್ರಿ?’ 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದ ಲೋಳಸೂರ ಸೇತುವೆ ಮುಳುಗಿದ್ದನ್ನು ಕಂಡವರು ನಾವು. ಆಮೇಲೆ ನಮ್ಮ ಕಡೆ ಮನೆ ಕಟ್ಟುವವರೂ ಜಾಗ ಕೊಳ್ಳುವವರೂ ಮೊದಲು ಇದನ್ನೇ ಕೇಳುತ್ತಾರೆ. ಬೆಂಗಳೂರಿಗೂ ಈ ಪ್ರಶ್ನೆ ಹೊಂದುತ್ತದೆ. 2022ರ ಸೆಪ್ಟೆಂಬರ್ ಮಳೆಗೆ ಬೆಳ್ಳಂದೂರು, ಯಮಲೂರು, ಹೊರವರ್ತುಲ ರಸ್ತೆ ಕಡೆ ನೀರು ನಿಂತು, ಐಟಿ ಉದ್ಯೋಗಿಗಳು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋಗಿದ್ದರು. 2024ರ ಬೇಸಿಗೆಯಲ್ಲಿ ಇದೇ ನಗರದಲ್ಲಿ ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರ್‌ಗೆ ಕಾಯುವಂತಾಗಿತ್ತು. ಅಪ್ಪನ ಪ್ರಶ್ನೆಗೆ ನಾವು ಇನ್ನೊಂದನ್ನು ಸೇರಿಸಿದೆವು: ‘ಕಾವೇರಿ ನೀರೋ, ಬೋರ್‌ವೆಲ್ಲೋ, ಟ್ಯಾಂಕರೋ?’

ಸಂಜೆಯ ಹೊತ್ತಿಗೆ ಜಯನಗರದಲ್ಲಿ ಒಂದು, ಪಟ್ಟಂದೂರು ಅಗ್ರಹಾರದಲ್ಲಿ ನನ್ನ ಆಫೀಸಿನಿಂದ ಹತ್ತು ನಿಮಿಷದ ನಡಿಗೆಯಲ್ಲಿ ಇನ್ನೊಂದು ಪಿಜಿ ಉಳಿದವು. ಬಾಡಿಗೆಯಲ್ಲಿ ಹೆಚ್ಚು ಅಂತರವಿಲ್ಲ. ಊಟ ಸೇರಿ ಜಯನಗರದಲ್ಲಿ 9,000, ಇಲ್ಲಿ ಇಬ್ಬರ ಕೋಣೆಯಲ್ಲಿ ಒಬ್ಬರಿಗೆ 9,500. ಅಪ್ಪನಿಗೆ ಷರತ್ತು ಸಡಿಲಿಸುವ ಮನಸ್ಸಿರಲಿಲ್ಲ. ‘ಮೂವರೂ ಕೂಡಿದ್ರ ನಮಗ ನಿದ್ದಿ ಬರ್ತೈತಿ’ ಅಂದ. ಆ ಮಾತನ್ನು ಹಗುರವಾಗಿ ತೆಗೆದುಕೊಳ್ಳಲು ನನಗೂ ಆಗಲಿಲ್ಲ. ಆದರೆ ಒಂದು ಮಾತು ಕೇಳಿದೆ: ‘ಅಪ್ಪಾ, ನಾ ದಿನಾ ಬರೂ ದಾರಿ ಒಮ್ಮೆ ನೀನೂ ನೋಡು.’

ಸಂಜೆ ಏಳು ಗಂಟೆಗೆ ಪಟ್ಟಂದೂರು ಅಗ್ರಹಾರದಲ್ಲಿ ರೈಲು ಹತ್ತಿದೆವು. ಕೂರಲು ಜಾಗ ಇರಲಿಲ್ಲ. ಮೆಜೆಸ್ಟಿಕ್‌ನಲ್ಲಿ ಇಳಿದು ಹಸಿರು ಮಾರ್ಗದ ಕಡೆಗೆ ಹೋಗುವ ಜನರ ನಡುವೆ ಅಪ್ಪ ನನ್ನ ಬ್ಯಾಗಿನ ಪಟ್ಟಿ ಹಿಡಿದೇ ನಡೆದ. ಜಯನಗರದಲ್ಲಿ ಇಳಿದು ಪಿಜಿ ಬಾಗಿಲು ಮುಟ್ಟುವಾಗ ಎಂಟೂವರೆ ದಾಟಿತ್ತು.

ಅಂದು ರಾತ್ರಿ ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆದು ತೋರಿಸಿದೆ. ಹೋಗಿ ಬರಲು ದಿನಕ್ಕೆ ಮೂರು ತಾಸು. ತಿಂಗಳಿಗೆ 22 ದಿನದಂತೆ ನಾಲ್ಕು ತಿಂಗಳಿಗೆ 264 ತಾಸು, ಅಂದರೆ ಹನ್ನೊಂದು ಹಗಲು ಹನ್ನೊಂದು ರಾತ್ರಿ. ಮೆಟ್ರೊದ ಗರಿಷ್ಠ ದರ 2025ರ ಫೆಬ್ರುವರಿಯ ಏರಿಕೆಯಲ್ಲಿ 90 ರೂಪಾಯಿ ಆಗಿದೆ. ಎರಡೂ ಕಡೆ ಸೇರಿ ದಿನಕ್ಕೆ 180, ತಿಂಗಳಿಗೆ 3,960. ಶಕ್ತಿ ಯೋಜನೆಯಲ್ಲಿ ಬಿಎಂಟಿಸಿಯ ಸಾಮಾನ್ಯ ಬಸ್ಸು ನಮಗೆ ಉಚಿತ, ಆದರೆ ಆ ದೂರಕ್ಕೆ, ಆ ಟ್ರಾಫಿಕ್‌ನಲ್ಲಿ ಬಸ್ಸಿಗೆ ಇನ್ನೂ ಹೆಚ್ಚು ಹೊತ್ತು. ಕೊನೆಯ ಸಾಲು ಹೀಗಿತ್ತು: ಗೆಳತಿಯರ ಜೊತೆ ಇರುವುದು ಮಲಗುವ ಹೊತ್ತು. ದಾರಿಯ ಮೂರು ತಾಸು ಒಬ್ಬಳೇ.

ಅಪ್ಪ ಬಹಳ ಹೊತ್ತು ಆ ಸಾಲನ್ನೇ ನೋಡಿದ. ಕಬ್ಬಿನ ಬಿಲ್ಲು ಬರುವ ತನಕ ರೂಪಾಯಿ ರೂಪಾಯಿ ಲೆಕ್ಕ ಹಾಕುವ ಅಪ್ಪ ದುಡ್ಡಿನ ಮಾತು ಎತ್ತಲೇ ಇಲ್ಲ. ‘ನಿಮ್ಮವ್ವಗ ನಾ ಹೇಳ್ತೀನಿ’ ಅಂದ.

ಹುಡುಗಿಯರು ಕೂಡಿ ಇದ್ದರೆ ಕ್ಷೇಮ ಎಂದು ಹಿರಿಯರು ನಂಬುವುದರಲ್ಲಿ ಅರ್ಥವಿದೆ. ಆ ಕಾಳಜಿಯನ್ನು ರೂಮಿನ ಬಾಗಿಲಿಗೇ ನಿಲ್ಲಿಸದೆ ದಾರಿಯವರೆಗೂ ಒಯ್ಯಬೇಕು ಎನ್ನುವುದಷ್ಟೇ ನನ್ನ ಮಾತು. ಆಫೀಸು ಬಿಟ್ಟು ಹತ್ತು ನಿಮಿಷಕ್ಕೆ, ಅಂಗಡಿಗಳ ದೀಪ ಉರಿಯುತ್ತಿರುವಾಗಲೇ ಬಾಗಿಲು ಸೇರುವ ಹುಡುಗಿಗೆ ಓದಲು, ನಿದ್ದೆಗೆ, ಮನೆಗೆ ಫೋನ್ ಮಾಡಲು ಹೊತ್ತು ಉಳಿಯುತ್ತದೆ.

ಗೋಕಾಕದವಳು, ಹುಕ್ಕೇರಿಯವಳು ಜಯನಗರದ ರೂಮು ಹಿಡಿದಿದ್ದಾರೆ. ನನ್ನ ಅಡ್ವಾನ್ಸ್ ಪಟ್ಟಂದೂರು ಅಗ್ರಹಾರದಲ್ಲಿ ಕಟ್ಟಿದೆ. ಅವ್ವ ಹೊಸ ಷರತ್ತು ಹಾಕಿದ್ದಾಳೆ: ಶನಿವಾರ ರಾತ್ರಿ ಮೂವರೂ ಒಂದೇ ಕಡೆ ಊಟ ಮಾಡಿ ವಿಡಿಯೊ ಕಾಲ್‌ನಲ್ಲಿ ಮುಖ ತೋರಿಸಬೇಕು. ಆ 90 ರೂಪಾಯಿ ಟಿಕೆಟ್ ನನಗೆ ದುಬಾರಿ ಅನಿಸದು. ನಾವು ಪಿಜಿಗಳಲ್ಲಿ ಕೇಳಿದ ಪ್ರಶ್ನೆಗಳ ಪಟ್ಟಿ ಇನ್ನೂ ನೋಟ್‌ಬುಕ್ಕಿನಲ್ಲಿದೆ. ಘಟಪ್ರಭಾ ಕಡೆಯ ಜೂನಿಯರ್ ಒಬ್ಬಳು ಮೊನ್ನೆ ಅದರ ಫೋಟೊ ತೆಗೆದುಕೊಂಡು ಹೋದಳು.